ಅಕ್ಕೋರು ಕೂಡುವ ಜಾಗ

ಕರಡಿಗಳ ವಿಷಯದಲ್ಲಿ ನಮ್ಮೂರಿನ ತೆಂಕಣ ಪೇಟೆಯವರಿಗೆ ಇರುವಷ್ಟು ಅಭಿಪ್ರಾಯಗಳು, ಬಡಗಣ ಓಣಿಯಲ್ಲಿ ಕರಡಿಗಳ ಮಗ್ಗುಲಲ್ಲೇ ಬದುಕುವ ನಮಗೆ ಇಲ್ಲ. ಅವರು ಪೇಪರಿಗೆ ಬರೆಯುತ್ತಾರೆ, ಸಭೆ ಕರೆಯುತ್ತಾರೆ, ಗುಡ್ಡಕ್ಕೆ ಬೇಲಿ ಹಾಕಬೇಕೋ ಕಂದಕ ತೋಡಬೇಕೋ ಎಂದು ಹೊಟೇಲಿನಲ್ಲಿ ಕೂತು ಚಹಾ ಆರಿಸುತ್ತಾರೆ. ನಮ್ಮದು ಒಂದೇ ಮಾತು. ಜಗಳ ಆಡಿದರೆ ಕರಡಿ ಬರುತ್ತದೆ. ಬಂದರೆ ಕೂಡಲಿಕ್ಕೆ ಜಾಗ ಬಿಡಬೇಕು. ಇದರಲ್ಲಿ ಸಭೆ ಕರೆಯುವಂಥದ್ದು ಏನಿದೆಯೋ ನನಗಂತೂ ಇವತ್ತಿಗೂ ತಿಳಿದಿಲ್ಲ.

ಬಡಗಣ ಗುಡ್ಡದಲ್ಲಿ ಅವಕ್ಕೆ ಬಾರಿಹಣ್ಣಿದೆ, ಗೆದ್ದಲಿದೆ, ಜೇನಿದೆ. ಹೊಟ್ಟೆಗೆ ಏನೂ ಕೊರತೆಯಿಲ್ಲ. ಆದರೆ ಊರಲ್ಲಿ ಎಲ್ಲಾದರೂ ಎರಡು ದನಿ ಏರಿದವು ಎಂದರೆ ಇಳಿದು ಬಂದು, ಸ್ವಲ್ಪ ದೂರದಲ್ಲಿ ಕುಂಡಿ ಊರಿ ಕೂತು, ಮುಂಗೈ ಎರಡನ್ನೂ ಹೊಟ್ಟೆಯ ಮೇಲಿಟ್ಟುಕೊಂಡು ಕೇಳುತ್ತವೆ. ಮುಗಿದ ಮೇಲೆ ಎದ್ದು ಹೋಗುತ್ತವೆ. ಯಾರನ್ನೂ ಮುಟ್ಟಿದ್ದಿಲ್ಲ. ಜಗಳವಾಡುವವರು ಕೈ ಎತ್ತಿದರೆ ಮಾತ್ರ ಬೇಸರ ಬಂದು ನಡುವೆಯೇ ಎದ್ದುಬಿಡುತ್ತವೆ. ಹಾಗೆ ಕರಡಿ ಎದ್ದು ಹೋದ ಜಗಳವೆಂದರೆ ಆಡಿದವರಿಗೆ ವರ್ಷಗಟ್ಟಲೆ ಅವಮಾನ, ಆದ್ದರಿಂದ ನಮ್ಮೂರಲ್ಲಿ ಹೊಡೆದಾಟ ಕಡಿಮೆ. ಬಸ್ಸಿನ ಕಂಡಕ್ಟರು ಚಿಲ್ಲರೆಯ ತಕರಾರನ್ನು ಊರ ಗಡಿ ದಾಟಿದ ಮೇಲೆ ಎತ್ತುತ್ತಾನೆ. ಮದುವೆಯ ಚಪ್ಪರದಲ್ಲಿ ಬೀಗರು ತಮ್ಮ ಮುನಿಸನ್ನೆಲ್ಲ ಕಿವಿಯಿಂದ ಕಿವಿಗೇ ತೀರಿಸಿಕೊಳ್ಳುತ್ತಾರೆ. ಚುನಾವಣೆಯ ಭಾಷಣಕ್ಕೆ ಎಷ್ಟು ಜನ ಬಂದಿದ್ದರು ಎಂದು ಯಾರೂ ಕೇಳುವುದಿಲ್ಲ, ಎಷ್ಟು ಕರಡಿ ಬಂದಿದ್ದವು ಎಂದು ಕೇಳುತ್ತಾರೆ. ಹೊಸದಾಗಿ ಮದುವೆಯಾದವರ ಬಾಗಿಲಲ್ಲಿ ಮುಂಜಾನೆ ಕರಡಿಯ ಹೆಜ್ಜೆ ಕಂಡರೆ, ಅತ್ತೆಯಾದವಳು ಓಣಿ ಏಳುವ ಮೊದಲೇ ಕಸಬರಿಗೆ ಹಿಡಿದು ಅಂಗಳ ಗುಡಿಸಿಬಿಡುತ್ತಾಳೆ.

ನಾನು ದುಂಡವ್ವ. ಹಳೆಯ ಸೀರೆ, ಧೋತರ ಕೂಡಿಸಿ ಕೌದಿ ಹೊಲಿಯುವುದು ನನ್ನ ಕೆಲಸ. ಮಗ್ಗುಲ ಮನೆಯ ಸಂಕವ್ವನದೂ ಅದೇ ಕೆಲಸ. ಅವಳು ವಯಸ್ಸಿನಲ್ಲಿ ನನಗಿಂತ ದೊಡ್ಡವಳು, ಬಾಯಿಯಲ್ಲಿ ಇನ್ನೂ ದೊಡ್ಡವಳು. ಗಂಡ ತೀರಿಕೊಂಡ ಮೇಲೂ ಅವಳ ದನಿ ಒಂದು ಗೇಣೂ ಇಳಿದಿರಲಿಲ್ಲ. ನಮ್ಮಿಬ್ಬರ ಮನೆಗೂ ನಡುವೆ ಒಂದೇ ಮಣ್ಣಿನ ಗೋಡೆ. ಅವಳ ಮಗ್ಗುಲಿಗೆ ಅವಳ ಮಾವ ದೀಪ ಇಡಲಿಕ್ಕೆಂದು ಆ ಗೋಡೆಯಲ್ಲಿ ಒಂದು ಮಾಡ ಕೊರೆದಿದ್ದ. ಆ ಗೂಡನ್ನು ಎಷ್ಟು ಆಳ ಕೊರೆದಿದ್ದನೆಂದರೆ ನನ್ನ ಮಗ್ಗುಲಿಗೆ ಗೋಡೆಗೆ ಹೊಟ್ಟೆ ಬಂದಿತ್ತು. ಇದು ನನ್ನ ವಾದ. ನಾನು ಗೋಡೆಗೆ ಕೌದಿಗಳನ್ನು ಒಟ್ಟಿ ಒಟ್ಟಿ ಅದು ಉಬ್ಬಿತೆಂದು ಅವಳ ವಾದ. ನನ್ನ ಕಡೆಯಿಂದ ಒತ್ತಿದರೆ ಹೊಟ್ಟೆ ಅವಳ ಕಡೆ ಬರಬೇಕಲ್ಲ ಎಂದು ಯಾರಾದರೂ ಕೇಳಬಹುದು. ನಾನೂ ಕೇಳಿದ್ದೇನೆ, ಮದುವೆಯಾಗಿ ಬಂದ ವರ್ಷದಿಂದ ಕೇಳುತ್ತಲೇ ಇದ್ದೇನೆ. "ಗ್ವಾಡಿ ನಿನ್ನ ಮಾರಿ ನೋಡಿ ನಗಿ ತಡೀಲಾರದ ಉಬ್ಬೈತಿ" ಎನ್ನುತ್ತಿದ್ದಳು.

ದೀಪ ಹಚ್ಚುವ ಹೊತ್ತಿಗೆ ಇಬ್ಬರೂ ಮನೆ ಮುಂದಿನ ಕಟ್ಟೆಗೆ ಬಂದು, ಬುಟ್ಟಿ ಇಟ್ಟುಕೊಂಡು, ಸೂಜಿಗೆ ದಾರ ಪೋಣಿಸಿ ಶುರು ಮಾಡುತ್ತಿದ್ದೆವು. ಗೋಡೆಯಿಂದ ಎದ್ದ ಮಾತು ಅವಳ ಮಾವನಿಗೆ ಹೋಗಿ, ಅಲ್ಲಿಂದ ನನ್ನ ತವರಿಗೆ ಹೋಗಿ, ಯಾರ ಮನೆಯ ಗುರೆಳ್ಳು ಚಟ್ನಿಯಲ್ಲಿ ಉಪ್ಪು ಹೆಚ್ಚು ಎಂಬಲ್ಲಿಗೆ ಬಂದು ಮತ್ತೆ ಗೋಡೆಗೆ ತಾಗುತ್ತಿತ್ತು. ಹಾಗೆ ಜಗಳದಲ್ಲಿ ಹಾಕಿದ ಹೊಲಿಗೆ ಗಟ್ಟಿ. ನಮ್ಮ ಕೌದಿ ಒಯ್ದವರು ಅದು ಹರಿಯಿತೆಂದು ಎಂದೂ ತಿರುಗಿ ಬಂದಿಲ್ಲ.

ಆ ಹೊತ್ತಿಗೆ ಗುಡ್ಡದಿಂದ ಒಂದು ಕರಡಿ ಇಳಿದು ಬರುತ್ತಿತ್ತು. ಎದೆಯ ಮೇಲೆ ಮಡಿಸಿದ ಬಿಳಿ ಸೆರಗಿನಂಥ ಗುರುತು, ಗಂಭೀರ ಮುಖ, ನಡುವೆ ಒಮ್ಮೆ ಗುರ್ ಅಂದರೆ ಇಬ್ಬರೂ ದನಿ ಸರಿಮಾಡಿಕೊಳ್ಳಬೇಕು. ಸಾಲಿಯಲ್ಲಿ ಮಕ್ಕಳಿಗೆ ಕಲಿಸುವ, ನಮ್ಮ ಕಡೆ ಅಕ್ಕೋರು ಎನ್ನುವ ಶಿಕ್ಷಕಿಯ ಹಾಗೇ ಇದ್ದುದರಿಂದ ಓಣಿಯವರು ಅದಕ್ಕೆ ಅಕ್ಕೋರು ಎಂದೇ ಹೆಸರಿಟ್ಟಿದ್ದರು. ಅಕ್ಕೋರು ಬಂದರೆ ಕಟ್ಟೆಯ ತುದಿಯಲ್ಲಿ ನನ್ನ ಬುಟ್ಟಿ ಸರಿಸಿ ಜಾಗ ಬಿಡುತ್ತಿದ್ದೆ. ಆ ವರ್ಷ ಬೆನ್ನ ಮೇಲೆ ಒಂದು ಮರಿ ಬೇರೆ ಇತ್ತು. ಅದು ಅಕ್ಕೋರ ಕೂದಲು ಹಿಡಿದುಕೊಂಡು ನಮ್ಮಿಬ್ಬರ ಮುಖವನ್ನು ತಿರುಗಿ ತಿರುಗಿ ನೋಡುತ್ತಿತ್ತು. ಅಕ್ಕೋರು ತನ್ನ ಕಡೆ ಎಂದು ಸಂಕವ್ವ ಹೇಳುತ್ತಿದ್ದಳು. ನನ್ನ ಕಡೆ ಎಂಬುದು ನನಗೆ ಗೊತ್ತಿತ್ತು.

ಹೀಗಿರುವಾಗ ತೆಂಕಣ ಪೇಟೆಯಲ್ಲಿ ಗದ್ದಲ ಎದ್ದಿತು. ಪುರಸಭೆಯ ಅಧ್ಯಕ್ಷರಾದ ರುದ್ರಮುನಿಯಪ್ಪನವರು ಹೊಸ ಮನೆ ಕಟ್ಟಿಸಿದ್ದರು. ಅದಕ್ಕೆ ಹಸಿರು ಬಣ್ಣ ಹಚ್ಚಬೇಕೆಂದು ಅವರು, ಹಳದಿ ಹಚ್ಚಬೇಕೆಂದು ಅವರ ಮನೆಯವರು. ಅರ್ಧ ಮನೆ ಹಸಿರಾಗುವಷ್ಟರಲ್ಲಿ ಬಣ್ಣದವನು ಏಣಿ ಇಳಿದು ಹೋಗಿದ್ದ. ಆ ಅರ್ಧ ಹಸಿರು ಮನೆಯ ಗೇಟಿನ ಮುಂದೆ ಒಂದು ಕರಡಿ ವಾರಗಟ್ಟಲೆ ಬಂದು ಕೂತಿತು. ಮರ್ಯಾದಸ್ಥರ ಮನೆ. ಹಾಲಿನವನು ನೋಡಿದ, ಪೇಪರಿನವನು ನೋಡಿದ. ಅಧ್ಯಕ್ಷರು ಸಭೆ ಕರೆದು, ಬಡಗಣ ಗುಡ್ಡದ ಕರಡಿಗಳಿಂದ ಮೆಕ್ಕೆಜೋಳಕ್ಕೆ ಅಪಾಯವಿದೆಯೆಂದು ಠರಾವು ಪಾಸು ಮಾಡಿದರು. ನಮ್ಮೂರಲ್ಲಿ ಯಾರೂ ಮೆಕ್ಕೆಜೋಳ ಬೆಳೆಯುವುದಿಲ್ಲ. ಆ ಮಾತನ್ನು ಸಭೆಯಲ್ಲಿ ಎತ್ತೋಣವೆಂದರೆ ಜಗಳವಾಗಿ ಕರಡಿ ಬಂದೀತೆಂದು ಎಲ್ಲರೂ ಸುಮ್ಮನೆ ಕೈ ಎತ್ತಿದರಂತೆ.

ಠರಾವಿನ ಹಿಂದೆಯೇ ದೂರದ ಊರಿನಿಂದ ವಾಮನಮೂರ್ತಿ ಎಂಬ ಅರಣ್ಯಾಧಿಕಾರಿ ಕರಡಿ ಹಿಡಿಯಲು ಬಂದರು. ಕೆಟ್ಟ ಮನುಷ್ಯರಲ್ಲ. ಬಿಸಿಲಿಗೆ ಮೂಗು ಕೆಂಪಾಗಿತ್ತು, ಯಾರು ಏನು ಕೊಟ್ಟರೂ ಕುಡಿಯುತ್ತಿದ್ದರು. ಗುಡ್ಡದ ಬುಡದಲ್ಲಿ ಒಂದು ಕಬ್ಬಿಣದ ಪಂಜರ ಇಟ್ಟು, ಒಳಗೆ ಬೆಲ್ಲ, ಜೇನು, ಹಣ್ಣು ಸುರಿದರು. ಇರುವೆ ಬಂದವು. ಆಮೇಲೆ ಯಾರೋ ಹೇಳಿಕೊಟ್ಟಿದ್ದರಿಂದ ಜಗಳವನ್ನು ರೆಕಾರ್ಡು ಮಾಡಿ ಮೈಕಿನಲ್ಲಿ ಹಾಕಿದರು. ಒಂದು ಕರಡಿಯೂ ಸುಳಿಯಲಿಲ್ಲ. ಕಡೆಗೆ ನಾಟಕ ಕಂಪನಿಯ ಇಬ್ಬರನ್ನು ಕರೆತಂದು ಪಂಜರದ ಮುಂದೆ ನಿಲ್ಲಿಸಿ ಅಣ್ಣತಮ್ಮಂದಿರ ಜಗಳ ಆಡಿಸಿದರು. ಒಂದು ಮುದಿ ಗಂಡು ಕರಡಿ ಬಂದು, ಎರಡು ಮಾತು ಕೇಳಿ, ಬಾಯಿ ಅಗಲಿಸಿ ಆಕಳಿಸಿ, ಅವರಿಗೆ ಬೆನ್ನು ಹಾಕಿ ಹೋಯಿತು. ಸುಳ್ಳು ಜಗಳ ಕರಡಿಗೆ ತಿಳಿಯುತ್ತದೆ ಎಂಬುದು ನಮ್ಮ ಓಣಿಯ ಕೂಸಿಗೂ ಗೊತ್ತು. ಆ ನಟರು ಮಾತ್ರ ಬಹಳ ನೊಂದುಕೊಂಡರು ಪಾಪ. ಅವರಲ್ಲಿ ದೊಡ್ಡವನು ನಮ್ಮ ಕಟ್ಟೆಯ ಮೇಲೆ ಕೂತು, ಇಷ್ಟು ವರ್ಷ ಬಣ್ಣ ಹಚ್ಚಿದ್ದು ಸಾರ್ಥಕವಾಗಲಿಲ್ಲವೆಂದು ಕಣ್ಣೊರೆಸಿಕೊಂಡ. ಅವನಿಗೆ ರೊಟ್ಟಿ ಹಾಕಿ ಕಳಿಸಿದೆವು.

ಅಲ್ಲಿಂದ ವಾಮನಮೂರ್ತಿ ಸಾಹೇಬರ ಕಣ್ಣು ನಮ್ಮ ಮೇಲೆ ಬಿತ್ತು. ಒಂದು ಮುಂಜಾನೆ ಆಳುಗಳು ಪಂಜರ ಹೊತ್ತು ತಂದು ನಮ್ಮ ಕಟ್ಟೆಯ ತುದಿಗೆ, ಸರಿಯಾಗಿ ಅಕ್ಕೋರು ಕೂಡುವ ಜಾಗದಲ್ಲೇ ಇಟ್ಟರು. ಒಳಗಿನ ಹಲಗೆಯ ಮೇಲೆ ಕಾಲಿಟ್ಟರೆ ಬಾಗಿಲು ಧಡ್ ಎಂದು ಬೀಳುವಂಥದ್ದು. ನಾವು ಅವರಿಗೆ ನೆರವಾಗುವುದಿಲ್ಲವೆಂದು ನಾನು ಮೊದಲೇ ಹೇಳಿದೆ. ಸಾಹೇಬರು ನಕ್ಕರು.

"ನೀವು ಏನೂ ಮಾಡೋದು ಬೇಡ ತಾಯಿ. ದಿನಾ ಏನು ಮಾಡ್ತೀರೋ ಅದನ್ನೇ ಮಾಡಿ, ಸಾಕು."

ಸಂಕವ್ವ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು, ಅಕ್ಕೋರನ್ನು ಎಲ್ಲಿಗೆ ಒಯ್ಯುತ್ತೀರೆಂದು ಕೇಳಿದಳು. ಹೊಳೆಯಾಚೆ ದೊಡ್ಡ ಕಾಡಿದೆ, ಅಲ್ಲಿ ಮನುಷ್ಯರ ಸುಳಿವೇ ಇಲ್ಲ ಎಂದರು ಸಾಹೇಬರು. ಪಂಜರದಲ್ಲಿ ಒಂದಕ್ಕೇ ಜಾಗ, ಮರಿಯನ್ನು ಆಮೇಲೆ ನೋಡೋಣ ಎಂದೂ ಹೇಳಿದರು.

"ಮಂದೀನ ಇಲ್ಲದ ಅಡವ್ಯಾಗ ಅಕಿ ಏನ್ ಕೇಳ್ಕೋತ ಕುಂದ್ರಬೇಕ್ರೀ ಸಾಹೇಬ್ರ?" ಎಂದಳು ಸಂಕವ್ವ.

ಸಾಹೇಬರು ಬಿಸಿಲಿಗೆ ಸುಲಿದ ಮೂಗಿನ ಸಿಪ್ಪೆ ಕೆರೆದುಕೊಂಡರು. ಅವರು ಅತ್ತ ಹೋದ ಮೇಲೆ ಸಂಕವ್ವ ನನ್ನ ಹತ್ತಿರ ಸರಿದಳು. ಅಷ್ಟು ಸಣ್ಣ ದನಿ ಅವಳಿಗಿದೆಯೆಂದು ನನಗೆ ಅಲ್ಲಿಯತನಕ ಗೊತ್ತಿರಲಿಲ್ಲ.

"ದುಂಡೀ, ಈ ಪಂಜರ ಇಲ್ಲಿಂದ ಹೋಗೂತನಾ ನಾವಿಬ್ಬರೂ ಜಗಳ ಆಡಬಾರದು."

"ನಿನ್ನ ಕಡಿಂದ ಆಗ್ತದೇನ?"

"ನನ್ನ ಕಡಿಂದ ಆಗ್ತದ. ನಿನ್ನ ಬಾಯಿದ ನನಗ ಚಿಂತಿ."

ನಾನು ಬಾಯಿ ತೆರೆದೆ. ಪಂಜರ ಕಂಡಿತು. ಮುಚ್ಚಿಕೊಂಡೆ.

ಆ ದಿನಗಳನ್ನು ಹೇಗೆ ಕಳೆದೆವೋ ಶಿವನಿಗೇ ಗೊತ್ತು. ಸಂಜೆಗೆ ಕಟ್ಟೆಗೆ ಬರುತ್ತಿದ್ದೆವು, ಬರದಿದ್ದರೆ ಕಾಲು ಕೇಳುತ್ತಿರಲಿಲ್ಲ. ಊಟ ಆಯಿತೇ ಎಂದು ಅವಳು ಕೇಳುವಳು. ಆಯಿತು ಎಂದು ನಾನು ಹೇಳುವೆ. ಮುಂದೆ ಇಬ್ಬರಿಗೂ ಮಾತು ಹೊಳೆಯುತ್ತಿರಲಿಲ್ಲ. ಜಗಳವಿಲ್ಲದೆ ಒಬ್ಬರ ಜೊತೆ ಒಬ್ಬರು ಏನು ಮಾತಾಡಬೇಕೆಂಬುದನ್ನು ನಾವು ಕಲಿತೇ ಇರಲಿಲ್ಲ. ಒಮ್ಮೆ ಕೂಡಲಿಕ್ಕೆ ಚಾಪೆ ಒಂದೇ ಇತ್ತು. ನೀನು ಕೂಡು ಎಂದು ಅವಳು, ಇಲ್ಲ ನೀನೇ ಕೂಡು ಎಂದು ನಾನು, ಹಿರಿಯಳ ಮಾತು ಕೇಳಬೇಕು ಎಂದು ಅವಳು, ಹಿರಿಯಳೇ ಮೊದಲು ಕೂಡಬೇಕು ಎಂದು ನಾನು. ಸೌಜನ್ಯದಲ್ಲೇ ದನಿ ಏರುತ್ತಾ ಹೋಗಿ, ಗುಡ್ಡದ ಮೇಲೆ ಪೊದೆ ಅಲುಗಿತು. ಇಬ್ಬರೂ ತಟ್ಟನೆ ನೆಲದ ಮೇಲೆ ಕೂತುಬಿಟ್ಟೆವು. ಚಾಪೆ ಬರಿದೇ ಬಿದ್ದಿತ್ತು. ಓಣಿಯವರು ನಮ್ಮ ಈ ಸಮಾಧಾನ ನೋಡಲಿಕ್ಕೆಂದು ಸಂಜೆ ಬಂದು ನಿಲ್ಲತೊಡಗಿದರು. ಗಾದಿಗೆ ಅರಳೆ ತುಂಬುವ ನನ್ನ ಗಂಡ ತಮ್ಮಣ್ಣಪ್ಪನಿಗೆ ಹೆದರಿಕೆ ಹತ್ತಿ, ಮೈಯಲ್ಲಿ ಹುಷಾರಿದ್ದೀಯಾ ಎಂದು ದಿನಕ್ಕೆ ಎರಡು ಸಲ ಹಣೆ ಮುಟ್ಟಿ ನೋಡುತ್ತಿದ್ದ. ಹೊಲಿಗೆ ಸಡಿಲಾಯಿತು. ಆಗ ಹೊಲಿದ ಕೌದಿಯನ್ನು ಝಾಡಿಸಿದರೆ ದಾರವೇ ಕೈಗೆ ಬರುತ್ತಿತ್ತು.

ಅದರ ನಡುವೆ ಒಂದು ಮಧ್ಯಾಹ್ನ ನಾನು ಜೋಳದ ಹಿಟ್ಟು ನಾದುತ್ತಿದ್ದಾಗ ಗೋಡೆಯ ಹೊಟ್ಟೆಯಿಂದ ಒಂದು ದೊಡ್ಡ ಹೆಂಟೆ ಮಣ್ಣು ಕಳಚಿ ಸರಿಯಾಗಿ ಪರಾತದೊಳಗೇ ಬಿತ್ತು. ಹಿಟ್ಟೆಲ್ಲ ಹಾಳು. ಎಷ್ಟೋ ವರ್ಷದಿಂದ ನಾನು ಹೇಳುತ್ತ ಬಂದದ್ದಕ್ಕೆ ಸಾಕ್ಷಿಯೇ ಬಂದು ಮಡಿಲಿಗೆ ಬಿದ್ದಂತಾಗಿತ್ತು, ಆದರೆ ಉಪಯೋಗಿಸುವ ಹಾಗಿರಲಿಲ್ಲ. ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತೆ. ಸದ್ದು ಕೇಳಿ ಸಂಕವ್ವ ಬಂದಳು. ಪರಾತ ನೋಡಿದಳು, ಗೋಡೆ ನೋಡಿದಳು, ನನ್ನ ಬಾಯಿಯೊಳಗಿನ ಸೆರಗು ನೋಡಿದಳು. ಹಾಗೇ ತಿರುಗಿ ತನ್ನ ಮನೆಗೆ ಹೋದಳು.

ಮರುದಿನ ಅವಳ ಮನೆಯಲ್ಲಿ ಗೋಡೆ ಕಟ್ಟುವ ಗೌಂಡಿಯ ಸದ್ದು. ಹೋಗಿ ನೋಡಿದರೆ ಅವಳ ಮಾವ ಕೊರೆದ ಮಾಡ ಇಲ್ಲ. ಕಲ್ಲು ಮಣ್ಣು ತುಂಬಿ, ಮೆತ್ತಿ, ಸಾರಿಸಿ ಗೋಡೆಯನ್ನು ಸಪಾಟು ಮಾಡಿಸಿದ್ದಳು. ಅತ್ತೆಯ ಕಾಲದಿಂದ ಅಲ್ಲಿ ಉರಿಯುತ್ತಿದ್ದ ದೀಪ ನೆಲದ ಮೇಲೆ ಒಂದು ಡಬ್ಬಿಯ ಹಿಂದೆ ಕೂತಿತ್ತು. ಗೌಂಡಿ ನನ್ನ ಮಗ್ಗುಲಿಗೂ ಬಂದು ಹೊಟ್ಟೆ ಕೆತ್ತಿ ನೆಟ್ಟಗೆ ಮಾಡಿ ಹೋದ. ಅವತ್ತು ಸಂಜೆ ಊಟ ಆಯಿತೇ ಎಂದು ನಾನೇ ಮೊದಲು ಕೇಳಿದೆ.

ಅಕ್ಕೋರು ಬರುತ್ತಿಲ್ಲ, ಪಂಜರ ಖಾಲಿ. ಇದನ್ನು ಕೇಳಿ ಒಂದು ಸಂಜೆ ಅಧ್ಯಕ್ಷರು ತಾವೇ ನಮ್ಮ ಓಣಿಗೆ ಬಂದರು. ಸಾಹೇಬರು ಪಂಜರಕ್ಕೆ ಆನಿಕೊಂಡು ಸಂಕವ್ವ ಕೊಟ್ಟ ಮಜ್ಜಿಗೆ ಕುಡಿಯುತ್ತಿದ್ದರು. ಅದೇ ಅಧ್ಯಕ್ಷರ ಕಣ್ಣಿಗೆ ಬಿತ್ತು. ಕರಡಿ ಹಿಡಿಯಲು ಬಂದವರೋ ಮಜ್ಜಿಗೆ ಕುಡಿಯಲು ಬಂದವರೋ ಎಂದರು. ಸಾಹೇಬರು ಲೋಟ ಕೆಳಗಿಟ್ಟು, ಇಲ್ಲದ ಮೆಕ್ಕೆಜೋಳಕ್ಕೆ ನನ್ನನ್ನು ಇಷ್ಟು ದೂರ ಕರೆಸಿದವರು ಯಾರು ಎಂದರು. ಮನೆಯ ಬಣ್ಣದ ಮಾತು ಬಂತು. ಯಾರ ಮನೆಯ ಬಣ್ಣಕ್ಕೆ ಯಾರು ಬಾಯಿ ಹಾಕಬೇಕು ಎಂಬ ಮಾತು ಬಂತು. ಇಬ್ಬರೂ ನಿಜವಾಗಿಯೇ ಸಿಟ್ಟಾಗಿದ್ದರು, ಒಳ್ಳೆಯ ಹದವಾದ ಜಗಳ. ಕೇಳುತ್ತಾ ನಾನು ಒಂದು ಗಳಿಗೆ ಮೈಮರೆತೆ ಎಂದೇ ಹೇಳಬೇಕು. ಸಂಕವ್ವ ನನ್ನ ಮೊಳಕೈ ಚಿವುಟಿದಾಗ ಗುಡ್ಡದ ಕಡೆ ನೋಡಿದೆ.

ಅಕ್ಕೋರು ಇಳಿದು ಬರುತ್ತಿದ್ದಳು, ಬೆನ್ನ ಮೇಲೆ ಮರಿ. ಬಹಳ ದಿನ ಉಪವಾಸವಿದ್ದವರು ಪಂಕ್ತಿಗೆ ಬರುವ ಹಾಗೆ ಅವಸರದ ನಡಿಗೆ. ನೇರವಾಗಿ ತನ್ನ ಜಾಗಕ್ಕೆ ಬಂದಳು. ಅಲ್ಲಿ ಪಂಜರ ಇತ್ತು. ಒಮ್ಮೆ ಮೂಸಿದಳು. ಜಗಳ ಏರುತ್ತಲೇ ಇತ್ತು. ತನ್ನ ಜಾಗ ಈಗ ಒಳಗಿದೆ ಎಂದುಕೊಂಡಳೋ ಏನೋ, ಮರಿಯನ್ನು ಹೊರಗೆ ಇಳಿಸಿ, ಹಲಗೆಯ ಈಚೆ ಒಂದು ಮುಂಗಾಲು ಒಳಗಿಟ್ಟಳು. ಜಗಳದವರಿಬ್ಬರೂ ಓಣಿಯ ನಡುವಿಗೆ ಸರಿದಿದ್ದರು, ಇತ್ತ ಕಣ್ಣೇ ಇಲ್ಲ. ಕೂಗಿ ಬೆದರಿಸೋಣವೆಂದರೆ ಕೂಗಿದಷ್ಟೂ ಅವಳಿಗೆ ಹಿತ, ಇನ್ನೊಂದು ದನಿ ಸೇರಿತೆಂದು ಒಳಗೇ ಹೋಗಿ ಕೂತಾಳು.

ಸಂಕವ್ವ ಮಜ್ಜಿಗೆಯ ಗಡಿಗೆಯೊಂದಿಗೆ ಇಬ್ಬರ ನಡುವೆ ನಡೆದುಬಿಟ್ಟಳು.

"ಅಧ್ಯಕ್ಷರ, ನೀವು ಹೇಳೂದು ಖರೇ ಐತ್ರಿ" ಎಂದಳು, ಕೂಸನ್ನು ಮಲಗಿಸುವ ದನಿಯಲ್ಲಿ. "ನಿಮ್ಮಂಥಾ ದೊಡ್ಡವ್ರು ದಣಕೊಂಡು ಇಷ್ಟು ದೂರ ಬಂದೀರಿ."

ನಾನು ಸಾಹೇಬರ ಮಗ್ಗುಲಿಗೆ ಹೋದೆ. "ಸಾಹೇಬ್ರ, ನಿಮ್ಮದೂ ಖರೇನ ಐತ್ರಿ. ಪರ ಊರಾಗ ಒಬ್ಬರ ಎಷ್ಟಂತ ಮಾಡ್ತೀರಿ."

ಅಧ್ಯಕ್ಷರು ಮುಂದಿನ ಮಾತಿಗೆ ಎಳೆದುಕೊಂಡಿದ್ದ ಉಸಿರನ್ನು ಎಲ್ಲಿ ಬಿಡಬೇಕೆಂದು ತಿಳಿಯದೆ ನಿಂತರು. ಸಾಹೇಬರ ಕಣ್ಣಲ್ಲಿ ನೀರೇ ಬಂತು, ನಿಜ ಅಮ್ಮ, ಯಾರೂ ಹೀಗೆ ಹೇಳಿರಲಿಲ್ಲ ಎಂದರು. ಇಬ್ಬರ ಕೈಗೂ ಲೋಟ ಬಂತು. ಓಣಿ ಒಮ್ಮೆಲೇ ಸಪ್ಪಗಾಯಿತು. ಅಕ್ಕೋರು ಒಳಗಿನ ಹಲಗೆಯತ್ತ ಇನ್ನೊಂದು ಕಾಲು ಚಾಚಿದವಳು ಹಾಗೇ ತಡೆದು ಕಿವಿ ನಿಮಿರಿಸಿದಳು. ಮಜ್ಜಿಗೆ ಗುಟುಕರಿಸುವ ಸದ್ದು ಬಿಟ್ಟರೆ ಏನಿಲ್ಲ. ಬೇಸರದಿಂದ ಒಮ್ಮೆ ಗುರ್ ಅಂದು, ಕಾಲು ಹಿಂದಕ್ಕೆ ತೆಗೆದುಕೊಂಡು, ಮರಿಯನ್ನು ಬೆನ್ನಿಗೇರಿಸಿಕೊಂಡು ಹೊರಟಳು.

ಆದರೆ ಅವಳು ಗುಡ್ಡದ ಕಡೆ ಹೋಗಲಿಲ್ಲ. ಅಧ್ಯಕ್ಷರು ಉಳಿದ ಜಗಳವನ್ನು ಹೊಟ್ಟೆಯಲ್ಲಿಟ್ಟುಕೊಂಡು ಮನೆಗೆ ಹೋಗಿದ್ದರು. ಅದು ಅಲ್ಲಿ ಬಣ್ಣದ ಮೇಲೆ ಹೊರಬಿತ್ತು. ಮರುದಿನದಿಂದ ಅರ್ಧ ಹಸಿರು ಮನೆಯ ಗೇಟಿನ ಮುಂದೆ ಅಕ್ಕೋರು ಮತ್ತು ಮರಿ. ಸಾಹೇಬರು ಬಹಳ ಹುರುಪಿನಿಂದ ಪಂಜರ ಹೊರಿಸಿಕೊಂಡು ಅಲ್ಲಿಗೆ ಹೋದರು. ಅಧ್ಯಕ್ಷರು ಗೇಟಿಗೆ ಅಡ್ಡ ನಿಂತು, ಇಲ್ಲಿ ಇಡಕೂಡದು ಎಂದರಂತೆ. ಯಾಕೆ ಎಂದರೆ, ನಮ್ಮ ಮನೆಯಲ್ಲಿ ಜಗಳವೇ ಇಲ್ಲ, ಅಂದಮೇಲೆ ಕರಡಿ ಹೇಗೆ ಬಂದೀತು ಎಂದರಂತೆ. ಸಾಹೇಬರು ಅವರ ಹಿಂದೆಯೇ ಕೂತಿದ್ದ ಕರಡಿಯತ್ತ ಕೈ ಮಾಡಿದರು. ನನಗೆ ಕಾಣುವುದಿಲ್ಲ ಎಂದರಂತೆ ಅಧ್ಯಕ್ಷರು. ಅವರ ಮನೆಯವರೂ ಕಿಟಕಿಯಿಂದ ನೋಡಿ, ತಮಗೂ ಕಾಣುವುದಿಲ್ಲ ಎಂದರಂತೆ. ಗಂಡ ಹೆಂಡತಿ ಒಮ್ಮತಕ್ಕೆ ಬಂದದ್ದು ಆ ಒಂದೇ ವಿಷಯದಲ್ಲಿ. ಕಾಣದ ಪ್ರಾಣಿಯನ್ನು ಹಿಡಿಯುವ ಅಧಿಕಾರ ತಮಗಿಲ್ಲವೆಂದು ಸಾಹೇಬರು ಪಂಜರವನ್ನು ಲಾರಿಗೆ ಹೇರಿಸಿದರು. ಹೋಗುವ ಮುನ್ನ ನಮ್ಮ ಕಟ್ಟೆಗೆ ಬಂದು ಮಜ್ಜಿಗೆ ಕುಡಿದರು. ಗಟ್ಟಿ ಹೊಲಿಗೆಯ ಹಳೆಯ ಕೌದಿಯೊಂದನ್ನು ಸಂಕವ್ವ ಅವರಿಗೆ ಕೊಟ್ಟಳು.

ಗೆದ್ದೆವು ಎಂದು ಓಣಿಯವರೆಲ್ಲ ಹೇಳಿದರು. ಆದರೆ ಕಟ್ಟೆಯ ತುದಿಯಲ್ಲಿ ಪಂಜರ ಇದ್ದಲ್ಲಿ ಚೌಕಾಕಾರದ ಬೋಳು ನೆಲ ಮಾತ್ರ ಉಳಿದಿತ್ತು. ಅಕ್ಕೋರು ತೆಂಕಣ ಪೇಟೆಯಲ್ಲೇ ಉಳಿದುಬಿಟ್ಟಳು. ಅಲ್ಲಿ ಅವಳಿಗೆ ಏನು ಕಡಿಮೆ, ಆ ಮನೆಯ ಒಳಗಿನ ಬಣ್ಣ ಇನ್ನೂ ಶುರುವೇ ಆಗಿರಲಿಲ್ಲ. ಇನ್ನು ಜಗಳ ಆಡಬಹುದು ಬಾ ಎಂದು ಸಂಕವ್ವ ಕೂತಳು. ನಾನೂ ಕೂತೆ. ಗೋಡೆ ಎಂದೆ. ಗೋಡೆ ನೆಟ್ಟಗಿತ್ತು. ನಿನ್ನ ಮಾವ ಎಂದೆ. ಅವನು ಕೊರೆದ ಮಾಡವೇ ಇರಲಿಲ್ಲ. ಚಟ್ನಿಯ ಮಾತು ತೆಗೆದೆವು, ಉಪ್ಪು ಸರಿಯಿದೆ ಎಂದು ಇಬ್ಬರೂ ಒಪ್ಪಿಬಿಟ್ಟೆವು. ಹಲ್ಲು ಕಡಿದು ನಾಲ್ಕು ಮಾತು ಕೂಗಿದೆವು, ನಮಗೇ ನಾಚಿಕೆಯಾಯಿತು. ಗುಡ್ಡದ ಮುದಿ ಗಂಡು ಕರಡಿ ದೂರದಿಂದಲೇ ನೋಡಿ ತಿರುಗಿ ಹೋಯಿತು. ಆ ನಾಟಕದವನು ಯಾಕೆ ಅತ್ತನೆಂದು ಆಗ ನನಗೆ ತಿಳಿಯಿತು.

ಹೀಗೇ ಒಂದು ಮಳೆಗಾಲ ಕಳೆಯಿತು. ಒಂದು ಸಂಜೆ ದಾರ ಕೇಳಲು ಸಂಕವ್ವನ ಮನೆಗೆ ಹೋದೆ. ಅವಳು ನೆಲದ ಮೇಲೆ ಬಗ್ಗಿ, ಡಬ್ಬಿಯ ಹಿಂದೆ ಗಾಳಿಗೆ ಆರಿಹೋಗಿದ್ದ ದೀಪವನ್ನು ಮತ್ತೆ ಹಚ್ಚುತ್ತಿದ್ದಳು. ಬಗ್ಗಿದವಳು ಏಳಲಿಕ್ಕೆ ಗೋಡೆ ಹಿಡಿದುಕೊಂಡಳು. ದಿನಾ ಹೀಗೇ ಆರುತ್ತದೇನು ಎಂದು ಕೇಳಿದೆ. ಆರುತ್ತದೆ, ಹಚ್ಚುತ್ತೇನೆ, ಅದಕ್ಕೇನು ಎಂದಳು. ನಾಳೆಯೇ ಗೌಂಡಿಯನ್ನು ಕರೆಸಿ ಮಾಡ ತೆರೆಸು ಎಂದೆ. ಕೊಟ್ಟದ್ದನ್ನು ತಿರುಗಿ ಇಸಿದುಕೊಳ್ಳುವ ಮನೆತನ ತನ್ನದಲ್ಲ ಎಂದಳು. ನಾನು ನಿನ್ನಿಂದ ಭಿಕ್ಷೆ ಕೇಳಿದ್ದೆನೇ ಎಂದೆ. ಭಿಕ್ಷೆ ಯಾರು ಹಾಕಿದರು, ನಿನ್ನ ಹಿಟ್ಟಿನಲ್ಲಿ ಮಣ್ಣು ಬಿತ್ತು ಎಂದಳು.

"ನನ್ನ ಹಿಟ್ಟು, ನನ್ನ ಮಣ್ಣು. ನಿನ್ನ ದೀಪ ಆರಿಸಿ ನಾ ರೊಟ್ಟಿ ತಿನ್ನಬೇಕೇನ? ನನ್ನ ಏನಂತ ತಿಳದೀ?"

"ನೀ ಏನಂತ ನನಗ ಮೊದಲಿಂದ ಗೊತ್ತೈತಿ. ಒಬ್ಬರು ಚಲೋ ಮಾಡಿದ್ರ ತಡಕೊಳ್ಳಾಕ ಆಗೂದಿಲ್ಲ ನಿನಗ."

"ನಿಮ್ಮ ಮಾವ ಕೊರದಿದ್ದನ್ನ ಮುಚ್ಚಾಕ ನಿನಗ ಯಾರು ಅಧಿಕಾರ ಕೊಟ್ಟಾರ?"

"ನಮ್ಮ ಮಾವನ್ನ ನಡುವ ತರಬ್ಯಾಡ. ಅಂವ ಕೊರದಿದ್ದು ಆಳ ಆಗಿತ್ತಂತ ನೀನ ಅಂದಾಕಿ."

"ಆಳ ಆಗಿರಲಿಲ್ಲ" ಎಂದೆ. ಆ ಮಾತು ನನ್ನ ಬಾಯಿಂದ ಬಂತೆಂದು ಈಗಲೂ ನಂಬಲಾರೆ. "ಸರಿಯಾಗೇ ಇತ್ತು. ಕೌದಿ ಒಟ್ಟಿ ನಾನ ಕೆಡಿಸೇನಿ."

"ಸುಳ್ಳ ಹೇಳಬ್ಯಾಡ. ಆಳನ ಇತ್ತು."

ಒಳಗೆ ಉಸಿರು ಸಾಲದೆ ಕಟ್ಟೆಗೆ ಬಂದೆವು. ಬುಟ್ಟಿ ಹೇಗೆ ಬಂತೋ, ಸೂಜಿ ಹೇಗೆ ಕೈಗೆ ಬಂತೋ, ದನಿ ಓಣಿಯ ಆ ತುದಿಗೆ ಮುಟ್ಟುತ್ತಿತ್ತು. ತಮ್ಮಣ್ಣಪ್ಪ ಅರಳೆಯ ಕೈಯಲ್ಲೇ ಹೊರಗೆ ಬಂದು, ದೇವರಿಗೆ ಕೈ ಮುಗಿದು ಒಳಗೆ ಹೋದ. ಇಷ್ಟು ದಿನ ಮಾಡವಿಲ್ಲದೆ ಕಣ್ಣು ಕೆಡಿಸಿಕೊಂಡು ಒಂದು ಮಾತೂ ಹೇಳದೆ ಇದ್ದಳಲ್ಲ ಎಂದು ನನಗೆ ತಡೆಯಲಾರದ ಸಿಟ್ಟು. ಇಷ್ಟು ದಿನ ಅದನ್ನು ನೋಡದೆ ಇದ್ದೆನಲ್ಲ ಎಂದು ಅದಕ್ಕಿಂತ ಹೆಚ್ಚು.

ನೆಲದ ಮೇಲೆ ಉಗುರು ಗೀರುವ ಸದ್ದು ಕೇಳಿಸಿತು. ತೆಂಕಣ ದಿಕ್ಕಿನಿಂದ, ರಸ್ತೆಯ ನಟ್ಟನಡುವೆ, ಒಂದು ಮಗ್ಗುಲಿಗೆ ಹಸಿರು ಬಣ್ಣ ಮೆತ್ತಿಕೊಂಡು ಅಕ್ಕೋರು ಬಂದಳು. ಬೆನ್ನು ಬರಿದಾಗಿತ್ತು. ಮರಿ ಬೆಳೆದು, ತನ್ನ ಕಾಲ ಮೇಲೆ ಹಿಂದೆ ಹಿಂದೆ ಬರುತ್ತಿತ್ತು.

ನಾನು ಮಾತು ನಿಲ್ಲಿಸಲಿಲ್ಲ, ಬುಟ್ಟಿಯನ್ನಷ್ಟೇ ಸರಿಸಿದೆ. ಅಕ್ಕೋರು ಕೂತಳು. ಮರಿ ಕೂಡಲಿಕ್ಕೆ ಜಾಗವಿಲ್ಲದೆ ನಿಂತೇ ಇತ್ತು. ನನ್ನ ತವರಿನವರನ್ನು ಒಬ್ಬೊಬ್ಬರನ್ನಾಗಿ ಬಯ್ಯುತ್ತಲೇ ಸಂಕವ್ವ ತನ್ನ ಬುಟ್ಟಿಯನ್ನೂ ಎತ್ತಿ ಮಡಿಲಲ್ಲಿಟ್ಟುಕೊಂಡಳು.